ತಾರ್ಲೆ ಎಂದು ಹುಡುಕಿದರೆ

ಎಂಟನೆಯ ತರಗತಿಯ ಹುಡುಗನೊಬ್ಬ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ನಿಂತು, ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತ, 'ತಾರ್ಲೆ' ಎಂದು ಬರೆದು ಎಂಟರ್ ಒತ್ತಿದ. ಪರದೆಯ ಮೇಲೆ ಸೊನ್ನೆ ಬಂತು. ಅವನು ನನ್ನ ಮುಖ ನೋಡಿ, "ಇಲ್ವಂತೆ ಅಕ್ಕೋರೆ" ಎಂದಷ್ಟೇ ಹೇಳಿ ಹೊರಟುಹೋದ. ಅವನು ನಿಂತಿದ್ದ ಜಾಗದಿಂದ ಎಂಟು ಹೆಜ್ಜೆ ದೂರದಲ್ಲಿ, ಕಿಟಕಿ ಪಕ್ಕದ ಕಪಾಟಿನ ಮೂರನೆಯ ಹಂತದಲ್ಲಿ, ಅರಬ್ಬೀ ಸಮುದ್ರದ ಮೀನುಗಳನ್ನು ಕುರಿತ ಪುಸ್ತಕವೊಂದಿತ್ತು. ಅದರಲ್ಲಿ ತಾರ್ಲೆಯ ವಿಷಯಕ್ಕೆ ನಾಲ್ಕು ಪುಟಗಳೂ ಒಂದು ಚಿತ್ರವೂ ಮೀಸಲಾಗಿದ್ದವು. ನಾನು ಆ ಪುಸ್ತಕಕ್ಕೆ 597 ಎಂಬ ವರ್ಗಸಂಖ್ಯೆ ಕೊಟ್ಟು, 'ಮತ್ಸ್ಯಶಾಸ್ತ್ರ' ಎಂಬ ವಿಷಯ ಶೀರ್ಷಿಕೆಯ ಕೆಳಗೆ ಬಹಳ ಶಿಸ್ತಿನಿಂದ ದಾಖಲಿಸಿದ್ದೆ. ಲೇಖಕರು ದಕ್ಷಿಣ ಕನ್ನಡದವರಾದ್ದರಿಂದ ಒಳಗೆಲ್ಲ ಆ ಮೀನನ್ನು 'ಬೂತಾಯಿ' ಎಂದೇ ಕರೆದಿದ್ದರು. ಹುಡುಗನ ತಂದೆ ಕಾರವಾರದ ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವವರು, ಮನೆಮಾತು ಕೊಂಕಣಿ. ಅವನ ಪ್ರಪಂಚದಲ್ಲಿ ಮತ್ಸ್ಯಶಾಸ್ತ್ರವೂ ಇರಲಿಲ್ಲ, ಬೂತಾಯಿಯೂ ಇರಲಿಲ್ಲ, ಇದ್ದದ್ದು ತಾರ್ಲೆ.

ಇದು 2018ರ ಮಾತು. ಅಷ್ಟು ಹೊತ್ತಿಗೆ ನಾನು ಈ ಶಾಲೆಯ ಗ್ರಂಥಪಾಲಕಿಯಾಗಿ ಹತ್ತು ವರ್ಷ ಕಳೆದಿದ್ದೆ, ಮತ್ತು ಗ್ರಂಥಾಲಯವನ್ನು 'ಡಿಜಿಟಲ್' ಮಾಡಿದವಳೆಂದು ಶಿಕ್ಷಕರ ಕೊಠಡಿಯಲ್ಲಿ ಸ್ವಲ್ಪ ಹೆಸರನ್ನೂ ಪಡೆದಿದ್ದೆ. ನಮ್ಮದು ಕಾರವಾರಕ್ಕೂ ಅಂಕೋಲೆಗೂ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿರುವ ಅನುದಾನಿತ ಪ್ರೌಢಶಾಲೆ. ಪ್ರೌಢಶಾಲೆಯೊಂದಕ್ಕೆ ಪ್ರತ್ಯೇಕ ಗ್ರಂಥಪಾಲಕರು ಇರುವುದೇ ಅಪರೂಪ. ಹೆಚ್ಚಿನ ಕಡೆ ಕನ್ನಡ ಮಾಸ್ತರರ ಬೀಗದ ಕೈ ಗೊಂಚಲಿನಲ್ಲಿ ಒಂದು ಕೈ ಗ್ರಂಥಾಲಯದ ಕಪಾಟಿನದಾಗಿರುತ್ತದೆ, ಅಷ್ಟೆ. ಹಾಗಾಗಿ ನನ್ನ ಕೆಲಸವನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡಿದ್ದೆ. ಆ ಸೊನ್ನೆ ಕಾಣಿಸಿಕೊಳ್ಳುವವರೆಗೆ ನನ್ನ ಗಂಭೀರತೆ ಯಾರ ಉಪಯೋಗಕ್ಕೆ ಎಂದು ಕೇಳಿಕೊಂಡಿರಲಿಲ್ಲ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಮೂರು ಸಾವಿರ ಚಿಲ್ಲರೆ ಪುಸ್ತಕಗಳು, ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ, ಕೆಂಪು ಬಟ್ಟೆಯ ರಟ್ಟಿನ ಎರಡು ಆಕ್ಸೆಶನ್ ರಿಜಿಸ್ಟರುಗಳು ಮತ್ತು ಬೂಷ್ಟಿನ ವಾಸನೆ. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕಾಗದವನ್ನು ಕಾಪಾಡುವುದೇ ಅರ್ಧ ಉದ್ಯೋಗ. ಚೌತಿ ಮುಗಿದು ಬಿಸಿಲು ಬಿದ್ದ ಮೇಲೆ ಪುಸ್ತಕಗಳನ್ನು ಜಗಲಿಯಲ್ಲಿ ಹರಡಿ ಒಣಗಿಸುವುದು, ಬೇವಿನ ಎಲೆ ಇಡುವುದು, ರಟ್ಟು ಬಿಚ್ಚಿದ್ದಕ್ಕೆ ಅಂಟು ಹಾಕುವುದು, ಇವೆಲ್ಲ ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದುವಾಗ ಪಠ್ಯದಲ್ಲಿ ಇರಲಿಲ್ಲ. ಆ ರಿಜಿಸ್ಟರಿನ ಪುಟಗಳೂ ಒಂದು ದಿನ ಹೀಗೆಯೇ ಹೋಗುತ್ತವೆ ಎಂಬ ಭಯದಿಂದ 2011 ಮತ್ತು 2012ರ ಎರಡು ಮಳೆಗಾಲಗಳಲ್ಲಿ ಕುಳಿತು, ಅಷ್ಟೂ ಪುಸ್ತಕಗಳ ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ವರ್ಗಸಂಖ್ಯೆಗಳನ್ನು ಕಂಪ್ಯೂಟರಿಗೆ ಏರಿಸಿದೆ. ಕರೆಂಟು ಹೋದಾಗಲೆಲ್ಲ ಕೊನೆಯ ಹತ್ತು ಸಾಲು ಹೋಗುತ್ತಿತ್ತು. ಆ ಕೆಲಸ ಮುಗಿದ ದಿನ ಸಹೋದ್ಯೋಗಿಗಳಿಗೆ ಮನೆಯಿಂದ ಪಾಯಸ ಮಾಡಿ ತಂದಿದ್ದೆ.

ನಾಲ್ಕು ವರ್ಷಗಳ ನಂತರ ಶಾಲೆಗೆ ಹೊಸ ಕಂಪ್ಯೂಟರು ಬಂತು. ಕಡತವನ್ನು ಅದರಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇರಲಿಲ್ಲ. ತಲೆಯ ಮೇಲೆ ಟೋಪಿ, ಬಾಲದಲ್ಲಿ ಕೊಕ್ಕೆ ಇರುವ ಯಾವುದೋ ಯುರೋಪಿನ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಆಗ ಬಳಕೆಯಲ್ಲಿದ್ದ ಆಸ್ಕಿ ಮಾದರಿಯ ಫಾಂಟುಗಳಲ್ಲಿ ನಾವು ಬರೆಯುತ್ತಿದ್ದದ್ದು ಕಣ್ಣಿಗೆ ಮಾತ್ರ ಕನ್ನಡ. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟು ಇದ್ದಲ್ಲಿ ಕನ್ನಡ ಕಾಣುತ್ತಿತ್ತು, ಇಲ್ಲದಲ್ಲಿ ವೇಷ ಕಳಚುತ್ತಿತ್ತು. ನಾನು 'ಸಮುದ್ರ' ಎಂದು ಬರೆದದ್ದು ಯಂತ್ರಕ್ಕೆ 'ಸಮುದ್ರ' ಎಂದು ಎಂದೂ ಗೊತ್ತಿರಲಿಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ಪಟ್ಟಿ ಯಾಕೆ ಅಸ್ತವ್ಯಸ್ತವಾಗುತ್ತಿತ್ತು ಎಂಬ ನನ್ನ ಹಳೆಯ ಗೊಂದಲವೂ ಅಂದೇ ಬಗೆಹರಿಯಿತು: ಅದು ನಮ್ಮ ವರ್ಣಮಾಲೆಯ ಪ್ರಕಾರವಲ್ಲ, ತನಗೆ ಗೊತ್ತಿದ್ದ ಲ್ಯಾಟಿನ್ ಕ್ರಮದಲ್ಲಿ ಜೋಡಿಸುತ್ತಿತ್ತು. ಯುನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಕೋಷ್ಟಕವಿದೆ, ಅಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಆದ್ದರಿಂದಲೇ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಪದ ಒಂದೇ ಪದವಾಗಿ ಉಳಿಯುತ್ತದೆ ಎಂಬುದನ್ನು ನಾನು ತಿಳಿದದ್ದು ಎರಡು ಮಳೆಗಾಲಗಳ ದುಡಿಮೆ ಕೈಬಿಟ್ಟ ಮೇಲೆ.

ಕೈಬಿಟ್ಟಿತು ಎಂದರೆ ಪೂರ್ತಿ ಅಲ್ಲ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಮುಕ್ಕಾಲು ಪಾಲು ಸರಿಯಾಗಿ ಬಂತು. ಉಳಿದದ್ದನ್ನು ಕೆಡಿಸಿದ್ದು ಹೆಚ್ಚಾಗಿ ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಒತ್ತುತ್ತಿದ್ದೆವು, ಉಚ್ಚಾರದಲ್ಲಿ ಅದು ಮೊದಲು ಬರುತ್ತದೆ. ಈ ಹಿಂದುಮುಂದಿನಲ್ಲಿ ಎಷ್ಟೋ ಸೂರ್ಯರೂ ವರ್ಷಗಳೂ ವಿಕಾರವಾದವು. ತಿದ್ದಲು ಒಂಬತ್ತನೆಯ ತರಗತಿಯ ಆರು ಮಂದಿಯನ್ನು ಕರೆದೆ. ಮಕ್ಕಳನ್ನು ಕಂಪ್ಯೂಟರಿನ ಹತ್ತಿರ ಬಿಟ್ಟದ್ದು ಅದೇ ಮೊದಲು, ಅದೂ ನನ್ನ ತಪ್ಪನ್ನು ತಿದ್ದುವುದಕ್ಕೆ. ಅಲ್ಲಿಯವರೆಗೆ ಅದರ ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ ಇಡುತ್ತಿದ್ದೆವು.

ಮುಂದಿನ ವರ್ಷದ ಚೌತಿ ರಜೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಎಂಜಿನಿಯರಿಂಗ್ ಓದುತ್ತಿದ್ದವನು, 'ಕೋಹಾ' ಎಂಬ ತಂತ್ರಾಂಶವನ್ನು ಹಾಕಿಕೊಟ್ಟ. ಅದರ ಕಥೆ ನನಗೆ ಇಷ್ಟ. 1999ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಗ್ರಂಥಾಲಯ ಟ್ರಸ್ಟಿನವರ ಹಳೆಯ ತಂತ್ರಾಂಶ 2000ನೆಯ ಇಸವಿ ದಾಟಿದರೆ ನಿಂತುಹೋಗುವಂತಿತ್ತು. ಅವರಿಗಾಗಿ ಆ ದೇಶದ್ದೇ ಕಂಪನಿಯೊಂದು ಬರೆದುಕೊಟ್ಟದ್ದನ್ನು ಜಗತ್ತಿಗೆಲ್ಲ ಮುಕ್ತವಾಗಿ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಸಣ್ಣ ಊರಿನವರ ಅಗತ್ಯದಿಂದ ಹುಟ್ಟಿದ ವಸ್ತು ಇಂದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಮಾತ್ರ ಅದು ಒಂದು ವರ್ಷ ನಡೆದು, ಯುಪಿಎಸ್ ಬ್ಯಾಟರಿ ಸತ್ತ ಮೇಲೆ ನಿಂತಿತು. ಆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ಸರ್ವರ್ ಎಂಬ ಪದ ಕೇಳಿದರೆ ನನಗೆ ಬೆವರು ಬರುತ್ತಿತ್ತು. ತಪ್ಪು ಕೋಹಾದ್ದಲ್ಲ, ಹೊಳೆ ದಾಟುವುದಕ್ಕೆ ನಾನು ಹಡಗು ತರಿಸಿದ್ದೆ. ಒಂದು ಸಾದಾ ಸ್ಪ್ರೆಡ್‌ಶೀಟು, ಅದರ ಎರಡು ಪ್ರತಿ, ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಆ ಪೆನ್ ಡ್ರೈವು ನಮ್ಮ ಮನೆಯ ಅಕ್ಕಿ ಡಬ್ಬಿಯಲ್ಲಿ (ಉಪ್ಪುಗಾಳಿಗೆ ಅದರ ಮೂತಿ ತುಕ್ಕು ಹಿಡಿಯುತ್ತದೆ, ನಗಬೇಡಿ): ನಮಗೆ ಸಾಕಾದದ್ದು ಇಷ್ಟೇ. ತಾರ್ಲೆ ಹುಡುಕಿದ ಹುಡುಗನ ಮುಂದೆ ಇದ್ದದ್ದೂ ಆ ಸ್ಪ್ರೆಡ್‌ಶೀಟೇ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳನ್ನು ನಮ್ಮ ವೃತ್ತಿಯವರೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೇವೆ. ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಗ್ರಂಥಾಲಯ ಬೆಳೆಯುವ ಜೀವಿ. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಎರಡನೆಯ ಮತ್ತು ಮೂರನೆಯ ಸೂತ್ರಗಳು ಒಂದೇ ಮಾತನ್ನು ತಿರುಗಿಸಿ ಹೇಳಿದಂತೆ ನನಗೆ ಕಾಣುತ್ತಿದ್ದವು. ಆ ಹುಡುಗ ಹೊರಟುಹೋದ ಮಧ್ಯಾಹ್ನ ಅವು ಎರಡಾಗಿ ಏಕಿವೆ ಎಂಬುದು ಹೊಳೆಯಿತು. ಅವನಿಗೆ ಬೇಕಾದ ಪುಸ್ತಕ ಇತ್ತು. ಪುಸ್ತಕಕ್ಕೆ ಬೇಕಾದ ಓದುಗ ಬಂದಿದ್ದ. ಇಬ್ಬರ ನಡುವೆ ನಾನು 'ಮತ್ಸ್ಯಶಾಸ್ತ್ರ' ಎಂಬ ಗೋಡೆ ಕಟ್ಟಿದ್ದೆ.

ಅವನನ್ನು ಮರುದಿನ ಕರೆದು ಪುಸ್ತಕ ಕೊಟ್ಟೆ. ಆಮೇಲೆ ಅವನೂ ನಾನೂ ಅಂತರಜಾಲದಲ್ಲಿ ಅದೇ ಪದವನ್ನು ಹುಡುಕಿದೆವು. ಟೈಪಿಸುವುದು ತಡವಾಗುತ್ತದೆಂದು ಅವನು ಫೋನಿಗೆ ಬಾಯಿಕೊಟ್ಟು "ತಾರ್ಲೆ" ಎಂದ. ಫೋನು 'ತರಲೆ' ಎಂದು ಕೇಳಿಸಿಕೊಂಡು ತುಂಟ ಮಕ್ಕಳ ವಿಡಿಯೋಗಳನ್ನು ಸಾಲಾಗಿ ತೋರಿಸಿತು. ಇಬ್ಬರೂ ಬಹಳ ನಕ್ಕೆವು. ಬಳಿಕ ಅವನು ತನ್ನ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದು ನೋಡಿದ, ಅದೂ ಮೂರು ಬಗೆಯ ಕಾಗುಣಿತದಲ್ಲಿ. ನಾನು ಪುಸ್ತಕದ ಕೊನೆಯ ಅನುಬಂಧದಿಂದ 'ಸಾರ್ಡಿನೆಲ್ಲಾ ಲಾಂಗಿಸೆಪ್ಸ್' ಎಂಬ ವೈಜ್ಞಾನಿಕ ಹೆಸರನ್ನು ತೆಗೆದುಕೊಟ್ಟೆ. ಆಗ ಬಾಗಿಲು ತೆರೆಯಿತು: ತಾರ್ಲೆ, ಬೂತಾಯಿ, ಬೈಗೆ, ಕೇರಳದವರ ಮತ್ತಿ, ಎಲ್ಲವೂ ಒಂದೇ ಮೀನೆಂದು ಅವನಿಗೆ ಗೊತ್ತಾಯಿತು. ಬಂಗಡೆಗೂ ಹೀಗೊಂದು ಹೆಸರು ಇದೆಯೇ ಎಂದು ಕೇಳಿದ. 'ರಾಸ್ಟ್ರೆಲಿಗರ್ ಕನಗುರ್ತಾ' ಎಂದು ಓದಿ ಹೇಳಿದೆ. ಅದನ್ನು ಅಂಗೈ ಮೇಲೆ ಬರೆದುಕೊಂಡು ಹೋದವನು ಮರುದಿನ ಬಂದು, ಅಪ್ಪನಿಗೆ ಹೇಳಿದೆ, ಅಪ್ಪ ನಂಬಲಿಲ್ಲ ಎಂದ.

ಅದೇ ವಾರ ಸ್ಪ್ರೆಡ್‌ಶೀಟಿನಲ್ಲಿ ಹೊಸ ಕಾಲಮ್ಮೊಂದನ್ನು ಸೇರಿಸಿದೆ. ಅದಕ್ಕೆ 'ಮಕ್ಕಳ ಪದ' ಎಂದು ಹೆಸರಿಟ್ಟೆ. ಪುಸ್ತಕವನ್ನು ಓದಿ ಹಿಂದಿರುಗಿಸುವವರು, ಅದನ್ನು ಗೆಳೆಯನೊಬ್ಬ ಹುಡುಕುವುದಾದರೆ ಯಾವ ಪದ ಬಳಸಿಯಾನು ಎಂದು ಯೋಚಿಸಿ ಅಲ್ಲಿ ಬರೆಯಬೇಕು; ಯಾವ ಭಾಷೆಯಾದರೂ ಆದೀತು, ಕಾಗುಣಿತ ತಪ್ಪಾದರೂ ಆದೀತು. ಈ ಎರಡನೆಯ ರಿಯಾಯಿತಿಗೆ ನಮ್ಮ ಕನ್ನಡ ಮಾಸ್ತರರು ಬಹಳ ದಿನ ಮುನಿಸಿಕೊಂಡಿದ್ದರು. ಆದರೆ ಹುಡುಕುವವನು ತಪ್ಪಾಗಿಯೇ ಬರೆದು ಹುಡುಕಿದರೆ, ತಪ್ಪು ಕಾಗುಣಿತವೂ ಪುಸ್ತಕಕ್ಕೆ ಹೋಗುವ ಒಂದು ದಾರಿಯೇ ಅಲ್ಲವೇ?

ಆ ಕಾಲಮ್ಮು ತುಂಬುತ್ತ ಹೋದ ಹಾಗೆ ನನ್ನ ಗ್ರಂಥಾಲಯವನ್ನು ನಾನೇ ಮೊದಲ ಸಲ ನೋಡಿದಂತಾಯಿತು. ಪಠ್ಯಪುಸ್ತಕದ 'ಮೃದ್ವಂಗಿಗಳು' ಇರುವ ಸಾಲಿನಲ್ಲಿ ಒಬ್ಬಳು 'ಬಳಚು' ಎಂದು ಬರೆದಳು, ಇನ್ನೊಬ್ಬ 'ತಿಸ್ರೆ' ಎಂದು ಸೇರಿಸಿದ. ಮೀನುಗಾರಿಕೆಯ 639.2ರ ಎದುರು 'ರಂಪಣಿ' ಬಂತು, ದಡಕ್ಕೆ ಎಳೆಯುವ ದೊಡ್ಡ ಬಲೆಯ ಹೆಸರು. ಅರಣ್ಯ ಸಂರಕ್ಷಣೆಯ ಪುಸ್ತಕಕ್ಕೆ 'ಅಪ್ಪಿಕೋ' ಎಂದು ಬರೆದವಳ ಅಜ್ಜನ ಮನೆ ಶಿರಸಿ ಕಡೆ. 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತ ಕಥೆಯನ್ನು ಅವಳು ಮನೆಯಲ್ಲಿ ಕೇಳಿದ್ದಳು, ಆದರೆ ಅದು ಪುಸ್ತಕದಲ್ಲಿ ಇರುವ ಸಂಗತಿ ಎಂದು ಗೊತ್ತಿರಲಿಲ್ಲ. ಕಥೆ ಕಾದಂಬರಿಗಳಿಗೆ ಬಂದ ಪದಗಳಂತೂ ಯಾವ ವರ್ಗೀಕರಣ ಪದ್ಧತಿಯಲ್ಲೂ ಇಲ್ಲದವು: 'ದೆವ್ವದ್ದು', 'ನಗು ಬರ್ತದೆ', 'ಕೊನೆಗೆ ನಾಯಿ ಸಾಯ್ತದೆ', 'ಸಣ್ಣದು, ಒಂದೇ ದಿನಕ್ಕೆ ಮುಗೀತದೆ'. ನಾವು ಬಳಸುವ ವರ್ಗಸಂಖ್ಯೆಗಳ ಪದ್ಧತಿಯನ್ನು ರೂಪಿಸಿದ ಅಮೆರಿಕದ ಗ್ರಂಥಪಾಲಕ ಡ್ಯೂಯಿ 1876ರಲ್ಲಿ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿದ, ಕನ್ನಡ ಸಾಹಿತ್ಯಕ್ಕೆ ಅವನ ಪದ್ಧತಿಯಲ್ಲಿ 894.814 ಎಂಬ ಜಾಗವಿದೆ. ಆದರೆ ಒಂದೇ ದಿನಕ್ಕೆ ಮುಗಿಯುವ, ನಾಯಿ ಸಾಯದ ಪುಸ್ತಕ ಬೇಕೆಂದು ಬರುವ ಎಂಟನೆಯ ತರಗತಿಯ ಹುಡುಗಿಯನ್ನು ಅವನ ಸಂಖ್ಯೆ ಎಲ್ಲಿಗೂ ಕರೆದೊಯ್ಯದು. ನಮ್ಮ ಕನ್ನಡದ ಹಿರಿಯರೊಬ್ಬರ ಕೃತಿಗೆ ಒಬ್ಬ 'ಬೋರು' ಎಂದು ಬರೆದಿದ್ದ. ಅಳಿಸಲು ಕೈ ಹೋಯಿತು, ಅಳಿಸಲಿಲ್ಲ. ಆ ಪದ ಹುಡುಕಿಕೊಂಡು ಬಂದು, ಅಷ್ಟೇನು ಬೋರಾಗಿದೆ ನೋಡೋಣ ಎಂದು ಅದನ್ನು ಒಯ್ದವರು ಇಬ್ಬರಿದ್ದಾರೆ.

ಈ ನಡುವೆ ಒಂದು ತರಬೇತಿಗೂ ಹೋಗಿದ್ದೆ. ಯಾವ ಇಲಾಖೆ, ಯಾವ ಊರು ಎಂಬುದು ಬೇಡ. ಒಂದು ದಿನದಲ್ಲಿ ಹನ್ನೊಂದು ಆ್ಯಪ್‌ಗಳನ್ನು ಪರಿಚಯಿಸಿದರು. ಮಕ್ಕಳು ಎಂಬ ಮಾತು ಉದ್ಘಾಟನೆಯಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಒಮ್ಮೆ ಬಂತು. ಹನ್ನೊಂದರಲ್ಲಿ ಒಂದನ್ನೂ ನಾನು ಈಗ ಬಳಸುತ್ತಿಲ್ಲ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಆಗ ನಾನು ಮಾಡಿದ ತಪ್ಪು ತಾರ್ಲೆಯ ತಪ್ಪಿಗಿಂತ ದೊಡ್ಡದು. ವಾಟ್ಸ್‌ಆ್ಯಪ್ ಗುಂಪು ಮಾಡಿ, ಅಂತರಜಾಲದಲ್ಲಿ ಸಿಕ್ಕ ಕನ್ನಡ ಪುಸ್ತಕಗಳ ಪಿಡಿಎಫ್‌ಗಳನ್ನು ಮೊದಲ ಹದಿನೈದು ದಿನಗಳಲ್ಲಿ ನಲವತ್ತರಷ್ಟು ಕಳಿಸಿದೆ. ಸ್ಕ್ಯಾನ್ ಮಾಡಿದ ಪುಸ್ತಕ ಒಂದೊಂದೂ ನಲವತ್ತು, ಐವತ್ತು ಎಂಬಿ. ಯಾರೂ ಏನೂ ಹೇಳಲಿಲ್ಲ; ಓದುತ್ತಿದ್ದಾರೆ ಎಂದುಕೊಂಡೆ. ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗಿ ಫೋನು ಮಾಡಿ, ಬಹಳ ಸಂಕೋಚದಿಂದ, "ಅಕ್ಕೋರೆ, ಪುಸ್ತಕ ಕಳ್ಸೂದು ಸ್ವಲ್ಪ ನಿಲ್ಲಿಸ್ತ್ರಾ? ಅಪ್ಪನ ನೆಟ್ ಎಲ್ಲಾ ಅದ್ಕೇ ಮುಗೀತದೆ" ಎಂದಳು. ಮನೆಗೆ ಒಂದೇ ಫೋನು. ಅದು ಅಪ್ಪನ ಜೊತೆ ಹಗಲು ಹೊರಗಿರುತ್ತಿತ್ತು. ರಾತ್ರಿ ಬಂದ ಮೇಲೆ ಮೂವರು ಮಕ್ಕಳು ಹಂಚಿಕೊಳ್ಳಬೇಕಾಗಿತ್ತು. ಘಟ್ಟದ ಬುಡದ ಹಳ್ಳಿಗಳ ಮಕ್ಕಳಿಗೆ ಅದೂ ಇಲ್ಲ, ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ನಡೆಯಬೇಕಿತ್ತು. ಓದುಗನ ಸಮಯ ಉಳಿಸು ಎಂದ ರಂಗನಾಥನ್ನರು ಇಂದು ಇದ್ದಿದ್ದರೆ ಓದುಗನ ಡೇಟಾ ಉಳಿಸು ಎಂದೂ ಸೇರಿಸುತ್ತಿದ್ದರೇನೋ.

ಅಲ್ಲಿಂದ ಓದಿ ಕೇಳಿಸುವುದಕ್ಕೆ ಹೊರಳಿದೆ. ಆರೇಳು ನಿಮಿಷದ ಧ್ವನಿ ಸಂದೇಶ ಒಂದು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ, ಒಮ್ಮೆ ಇಳಿಸಿಕೊಂಡರೆ ಮೂವರು ಮಕ್ಕಳೂ ಅಜ್ಜಿಯೂ ಒಟ್ಟಿಗೆ ಕೇಳಬಹುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದ ಕಥೆಗಳು ಇದಕ್ಕೆ ಬಹಳ ಒದಗಿದವು. ಅಲ್ಲಿನ ಕಥೆಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ, ಹೆಸರು ಹೇಳಿ ಓದಬಹುದು, ಹಂಚಬಹುದು, ನಮ್ಮ ಭಾಷೆಗೆ ತಿರುಗಿಸಬಹುದು. ಈ ಪರವಾನಗಿಯ ಷರತ್ತುಗಳನ್ನು ಓದುವಾಗಲೇ ನನಗೆ ಎದೆ ಝಲ್ಲೆಂದದ್ದು: ಹಾಗಾದರೆ ನಾನು ಕಳಿಸಿದ ಆ ನಲವತ್ತು ಪಿಡಿಎಫ್‌ಗಳು? ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಉಳಿಯುತ್ತದೆ. ಕರಾವಳಿಯವರೇ ಆದ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡವರು, ಅವರ ಪದ್ಯಗಳನ್ನು ಯಾರಾದರೂ ಹಂಚಬಹುದು. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ. ಅವರ ಚುಟುಕಗಳು 2043ಕ್ಕೆ ಮೊದಲು ಎಲ್ಲರ ಸ್ವತ್ತಾಗುವುದಿಲ್ಲ. ನಾನು ಕಳಿಸಿದವುಗಳಲ್ಲಿ ಬದುಕಿರುವ ಲೇಖಕರ ಪುಸ್ತಕಗಳೇ ಹತ್ತಕ್ಕೂ ಹೆಚ್ಚಿದ್ದವು. ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಅವನ್ನು ಅಳಿಸಲು ಹೇಳಿದೆ. ಪುಸ್ತಕ ಕದಿಯಬಾರದೆಂದು ವರ್ಷಕ್ಕೊಮ್ಮೆ ಪ್ರಾರ್ಥನೆಯ ವೇಳೆ ಭಾಷಣ ಮಾಡುತ್ತಿದ್ದವಳು ನಾನು.

2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿ ಹೊಳೆಗೆ ನೂಕಿತು. ಆ ದಿನಗಳಲ್ಲಿ ನಮ್ಮ ಫೋನುಗಳಿಗೆ ಬಂದ ಚಿತ್ರಗಳಿಗೆ ಲೆಕ್ಕವಿಲ್ಲ. ಗುಡ್ಡದ ನೆತ್ತಿಯಲ್ಲಿ ಭಾರೀ ಬಿರುಕು ಬಿಟ್ಟ ಒಂದು ಚಿತ್ರವನ್ನು, ಇದು ನಮ್ಮ ಪಕ್ಕದ ಗುಡ್ಡ ಎಂಬ ಒಕ್ಕಣೆಯೊಂದಿಗೆ ಬಂದದ್ದನ್ನು, ನಾನು ಹಿಂದುಮುಂದು ನೋಡದೆ ಪಾಲಕರ ಗುಂಪಿಗೆ ದಾಟಿಸಿದೆ. ಭಯದಲ್ಲಿದ್ದೆ ಎಂಬುದು ನಿಜ. ಆದರೆ ನಾನು ಕಳಿಸಿದ್ದರಿಂದಲೇ ಅದಕ್ಕೆ ತೂಕ ಬಂತು ಎಂಬುದೂ ನಿಜ. ಅಕ್ಕೋರು ಕಳಿಸಿದ್ದಾರೆ ಎಂದು ಒಂದು ಮನೆಯವರು ಗಂಟುಮೂಟೆ ಕಟ್ಟಿದ್ದರಂತೆ.

ಶಾಲೆ ಮತ್ತೆ ತೆರೆದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗ್ರಂಥಾಲಯಕ್ಕೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಳು. ಚಿತ್ರವನ್ನೇ ಕೊಟ್ಟು ಅದರ ಮೂಲ ಹುಡುಕುವ ವಿಧಾನವನ್ನು ಹಿಂದಿನ ವರ್ಷ ನಾನೇ ಅವರ ತರಗತಿಗೆ ತೋರಿಸಿದ್ದೆ, ಹಕ್ಕಿಗಳ ಹೆಸರು ಪತ್ತೆ ಮಾಡುವುದಕ್ಕೆಂದು. ಅವಳು ಅದನ್ನು ಇದಕ್ಕೆ ಬಳಸಿದ್ದಳು. ಅದೇ ಚಿತ್ರ ಬೇರೆ ರಾಜ್ಯದ ಸುದ್ದಿಯೊಂದರಲ್ಲಿ ವರ್ಷಗಳ ಹಿಂದೆಯೇ ಪ್ರಕಟವಾಗಿತ್ತು. "ನೀವೇ ಹೇಳ್ಕೊಟ್ಟದ್ದಲ್ಲ ಅಕ್ಕೋರೆ" ಎಂದಳು. ಅದು ಹೊಗಳಿಕೆಯೋ ಆಕ್ಷೇಪವೋ ನನಗೆ ಇನ್ನೂ ತಿಳಿದಿಲ್ಲ. ಅಂದು ಸಂಜೆ ಪಾಲಕರ ಗುಂಪಿನಲ್ಲಿ ಇನ್ನೊಂದು ತಪ್ಪೊಪ್ಪಿಗೆ ಹಾಕಿದೆ. ಆಗಿನಿಂದ ನಮ್ಮಲ್ಲಿ ಶುಕ್ರವಾರದ ಒಂದು ಅವಧಿ ಇದಕ್ಕೇ ಮೀಸಲು: ಮಕ್ಕಳು ಮನೆಯ ಫೋನಿಗೆ ಬಂದ ಒಂದು ಚಿತ್ರವನ್ನೋ ಸುದ್ದಿಯನ್ನೋ ತರುತ್ತಾರೆ, ಯಾವ ದಿನದ್ದು, ಎಲ್ಲಿಯದು, ಮೊದಲು ಹೇಳಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಹೊಸ ಪುಸ್ತಕ ಬಂದಾಗ ಅದರ ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ ಪ್ರಕಟಣೆಯ ವರ್ಷ, ಸ್ಥಳ, ಪ್ರಕಾಶಕರನ್ನು ಬರೆದುಕೊಳ್ಳುವಾಗ ನಾನು ಮಾಡುತ್ತಿದ್ದ ಕೆಲಸವೂ ಇದೇ. ಇಷ್ಟು ವರ್ಷ ಹಳೆಯ ಅಭ್ಯಾಸವೊಂದು ಫೋನಿಗೂ ಅನ್ವಯಿಸುತ್ತದೆ ಎಂದು ಹೊಳೆಯಲು ಒಬ್ಬ ಹುಡುಗಿ ಬೇಕಾಯಿತು.

ಈಚೆಗೆ ಬಂದಿರುವ ಸಂಕಟ ಬೇರೆ ತರಹದ್ದು. ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ಪ್ರಬಂಧ ಬರೆದುಕೊಡುವ ತಂತ್ರಾಂಶಗಳು ಈಗ ಎಲ್ಲ ಫೋನುಗಳಲ್ಲೂ ಇವೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆಯಬೇಕಾಗಿದ್ದ ಒಬ್ಬ ಹುಡುಗ, ಅದು ಕೊಟ್ಟ ಮೂರು ಪುಸ್ತಕಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ತಂದ. ಒಂದು ನಮ್ಮಲ್ಲಿತ್ತು. ಇನ್ನೊಂದು ಬೇರೆ ಗ್ರಂಥಾಲಯದಲ್ಲಿ ಸಿಕ್ಕಿತು. ಮೂರನೆಯದಕ್ಕಾಗಿ ನಾನು ಎರಡು ದಿನ ಹುಡುಕಿದೆ, ಪರಿಚಯದ ಗ್ರಂಥಪಾಲಕರಿಗೆಲ್ಲ ಫೋನು ಮಾಡಿದೆ. ಲೇಖಕರ ಹೆಸರು ನಮ್ಮ ಜಿಲ್ಲೆಯದೇ, ಪುಸ್ತಕದ ಹೆಸರು ಕೇಳಿದರೆ ಓದಬೇಕೆನಿಸುವಂಥದ್ದು, ಪ್ರಕಟಣೆಯ ವರ್ಷವೂ ಇತ್ತು. ಇಲ್ಲದಿದ್ದದ್ದು ಪುಸ್ತಕ. ಆ ತಂತ್ರಾಂಶ ಯಾವ ಸೂಚಿಯನ್ನೂ ನೋಡಿ ಹೇಳಿದ್ದಲ್ಲ; ಒಂದು ಪದದ ಆಮೇಲೆ ಯಾವ ಪದ ಬಂದರೆ ಸಹಜ ಎಂಬ ಲೆಕ್ಕದಲ್ಲಿ ಪೋಣಿಸುತ್ತ ಹೋಗಿ, ಇರಬಹುದಾದ ಪುಸ್ತಕವೊಂದನ್ನು ಹುಟ್ಟಿಸಿತ್ತು. ಹುಡುಗನಿಗೆ ಇದನ್ನು ವಿವರಿಸುವಾಗ ನನಗೆ ಸಿಟ್ಟಿಗಿಂತ ಒಂದು ಬಗೆಯ ಮುಜುಗರವೇ ಹೆಚ್ಚಾಗಿತ್ತು. ತಾರ್ಲೆ ಕೇಳಿದವನಿಗೆ ನನ್ನ ಸೂಚಿ ಇದ್ದ ಪುಸ್ತಕವನ್ನು ಇಲ್ಲ ಎಂದಿತ್ತು. ಇವನಿಗೆ ಈ ಯಂತ್ರ ಇಲ್ಲದ ಪುಸ್ತಕವನ್ನು ಇದೆ ಎಂದಿತ್ತು. ಇವನ ಭಾಷೆಯಲ್ಲಿ, ಇವನು ಕೇಳಿದ ಪದದಲ್ಲೇ, ಎಷ್ಟು ನಯವಾಗಿ ಉತ್ತರಿಸಿತ್ತು ಎಂಬುದನ್ನು ನೋಡಿದರೆ, ಮಕ್ಕಳು ಅದನ್ನೇ ಮೊದಲು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಅದು ಹೆಸರಿಸಿದ ಪುಸ್ತಕ ನನ್ನ ಮೇಜಿನ ಮೇಲೆ ಬಂದು ಕೂರುವವರೆಗೆ ಅದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ ಎಂಬುದಷ್ಟೇ ನಿಯಮ.

ಸುಗ್ಗಿಯ ಹೊತ್ತಿಗೆ ಶುರುವಾದ ಒಂದು ಕೆಲಸ ಈಗಲೂ ನಡೆಯುತ್ತಿದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು, ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹಾಡುಗಳ ಕಣಜದಂತಿದ್ದು 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ವಾರ ಹಾಲಕ್ಕಿ ಕುಟುಂಬದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ನನ್ನ ಅಜ್ಜಿಗೂ ಬಹಳ ಹಾಡು ಬರ್ತದೆ, ಫೋನಿನಲ್ಲಿ ಹಿಡಿಯಲೇ ಎಂದು ಕೇಳಿದಳು. ಹಿಡಿದು ತಂದ ಮೊದಲ ಕಡತದ ಹೆಸರು ಬರೀ ಅಂಕಿಗಳ ಸಾಲು. ಯಾವ ದಿನ, ಯಾವ ಕೇರಿ, ಯಾವ ಸಂದರ್ಭದ ಹಾಡು, ಜೊತೆಗೆ ಗುಮಟೆ ವಾದ್ಯ ಇತ್ತೇ ಎಂಬುದನ್ನೆಲ್ಲ ಸ್ಪ್ರೆಡ್‌ಶೀಟಿನ ಹೊಸ ಹಾಳೆಯಲ್ಲಿ ಬರೆಯಲು ಕಲಿಸಿದೆ. ಯೂಟ್ಯೂಬಿಗೆ ಹಾಕೋಣ ಎಂದು ಅವಳ ಗೆಳತಿಯರು ಉತ್ಸಾಹ ತೋರಿದರು. ಅಜ್ಜಿಯನ್ನು ಕೇಳಿದ್ದೀರಾ ಎಂದೆ. ಕೇಳಿ ಬಂದರು. ನೆಟ್ಟಿ ಹಾಡನ್ನು ಗದ್ದೆಯಲ್ಲಲ್ಲದೆ ಬೇರೆಲ್ಲೋ ಹಾಡಿಸುವುದು ಅಜ್ಜಿಗೆ ಸರಿ ಕಾಣಲಿಲ್ಲವಂತೆ. ಶಾಲೆಯ ಮಕ್ಕಳು ಕೇಳಲಿ, ಊರಿಗೆಲ್ಲ ಬೇಡ ಎಂದರಂತೆ. ಹಾಗಾಗಿ ಆ ಹಾಡುಗಳು ನಮ್ಮ ಕಂಪ್ಯೂಟರಿನಲ್ಲೂ ಅಕ್ಕಿ ಡಬ್ಬಿಯಲ್ಲೂ ಮಾತ್ರ ಇವೆ.

ಮೊನ್ನೆ ಅವಳು ಹನ್ನೆರಡನೆಯ ಹಾಡನ್ನು ಸೇರಿಸುತ್ತ, 'ಲೇಖಕರು' ಎಂಬ ಕಾಲಮ್ಮಿಗೆ ಬಂದು ನಿಂತಳು. ಅಜ್ಜಿಯ ಹೆಸರು ಬರೆಯೆಂದೆ. ಅಜ್ಜಿ ಅದನ್ನು ಕಲಿತದ್ದು ಅವರ ಅತ್ತೆಯಿಂದ ಎಂದಳು. ಹಾಗಾದರೆ ಅತ್ತೆಯ ಹೆಸರು ಬರೆ ಎಂದೆ. ಅದು ಅವಳಿಗೆ ಗೊತ್ತಿರಲಿಲ್ಲ. ನನ್ನ ಫೋನಿನಿಂದ ಮನೆಗೆ ಕರೆ ಮಾಡಿ ಕೇಳಿದಳು. ಆ ಕಡೆಯಿಂದ ಅಜ್ಜಿ ಹೆಸರು ಹೇಳಿ, ಆ ಅತ್ತೆಗೂ ಇನ್ನಾರೋ ಹೇಳಿಕೊಟ್ಟಿದ್ದರಂತೆ ಎಂದರು. ಹುಡುಗಿ ಎರಡು ಹೆಸರು ಬರೆದಳು, ಅಲ್ಪವಿರಾಮ ಹಾಕಿ ಮುಂದೆ ಜಾಗ ಬಿಟ್ಟಳು. ಆಮೇಲೆ 'ಮಕ್ಕಳ ಪದ' ಎಂಬಲ್ಲಿಗೆ ಬಂದು, ಒಂದು ಕ್ಷಣವೂ ಯೋಚಿಸದೆ, ನಾನು ಎಂದೂ ಕೇಳಿರದ ಒಂದು ಪದವನ್ನು ಒತ್ತಿದಳು. ಅದರ ಅರ್ಥ ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಅವಳು ಚೀಲ ಎತ್ತಿಕೊಂಡು ಓಡಿದಳು.